ಗೋಕುಲ ರಸ್ತೆಗೆ ಹೋಗದ ಖಾನಾವಳಿ

ರೇಷನ್ನಿನ ಕೆಂಪು ಜೋಳವನ್ನು ಮೊರದಲ್ಲಿ ಹಾಕಿಕೊಂಡು ಹಸನು ಮಾಡುತ್ತ ಪಡಸಾಲೆಯಲ್ಲಿ ಕೂತಿದ್ದೆ. ಸುದ್ದಿ ಬಂದದ್ದು ಆಗ.

ಈ ಕೆಂಪು ಜೋಳದ ಬಗ್ಗೆ ನಿಮಗೆ ಬಿಡಿಸಿ ಹೇಳಬೇಕೆ? ಹಡಗು ಹತ್ತಿ ಬಂದ ಕಾಳು. ಹಿಟ್ಟಿಗೆ ಜಿಗುಟಿಲ್ಲ. ಬಡಿದರೆ ಅಂಚು ಸೀಳುತ್ತದೆ, ಎತ್ತಿದರೆ ನಡು ಮುರಿಯುತ್ತದೆ. (ನಮ್ಮ ಮನೆಯವರು ಇದಕ್ಕೆ ‘ಪರದೇಶಿ ರೊಟ್ಟಿ’ ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟಾದರೂ ಉಣ್ಣುತ್ತಾರೆ, ಅದೇ ಪುಣ್ಯ.) ಆದರೂ ಒಲೆ ಉರಿಯುತ್ತಿದೆ, ಹಂಚು ಕಾಯುತ್ತಿದೆ. ಇಲ್ಲ ಎನ್ನುವಂತಿಲ್ಲ. ನಮ್ಮ ದೇವರು ವೀರಭದ್ರ ದೊಡ್ಡವನು.

ಪಕ್ಕದ ಮನೆಯ ಶಾಂತವ್ವ ನೀರಿನ ಕೊಡ ಸೊಂಟದ ಮೇಲಿಟ್ಟುಕೊಂಡೇ ಒಳಗೆ ಬಂದಳು. ಕೊಡ ಇಳಿಸದೆ ಮಾತು ತೆಗೆದಳೆಂದರೆ ಸುದ್ದಿ ದೊಡ್ಡದು.

“ಕೇಳಿದಿಯೇನಬೇ? ಗಂಗಕ್ಕ ಖಾನಾವಳಿ ಮುಚ್ಚತಾಳಂತ.”

“ಯಾರಂದ್ರು?”

“ಆಕೀನ ಅಂದ್ಲು, ಬಾವಿ ಕಟ್ಟಿ ಮ್ಯಾಲ. ಹುಬ್ಬಳ್ಳಿ ಗೋಕುಲ ರಸ್ತೇಕ ಹೊಂಟಾಳಂತ. ಕಾರಖಾನಿ ಮಂದಿಗೆ ಅಡಗಿ ಮಾಡಾಕ.”

“ಮತ್ತ ಇಲ್ಲಿ ಉಣ್ಣಾವ್ರು?”

“ನಾನೂ ಅದನ್ನ ಕೇಳಿದೆ. ನಿನ್ನ ಕೊಡಾ ತುಂಬಿ ಚೆಲ್ಲಾಕತ್ತೇತಿ ನೋಡು ಅಂದ್ಲು.”

ನನ್ನ ಕೈ ಮೊರದಲ್ಲೇ ನಿಂತಿತು.

ಗಂಗಕ್ಕ ಯಾರೆಂದು ಈ ಅಂಕಣದ ಹೊಸ ಓದುಗರಿಗೆ ಹೇಳಿಬಿಡುತ್ತೇನೆ. (ಹಳಬರು ಸ್ವಲ್ಪ ತಡೆದುಕೊಳ್ಳಿ.) ಧಾರವಾಡದ ನಮ್ಮ ಓಣಿಯಲ್ಲಿ, ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ ಅವಳ ಖಾನಾವಳಿ. ಬೋರ್ಡಿಲ್ಲ, ಬೆಂಚಿಲ್ಲ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು. ತವರಿಗೆ ಹೋಗಲಿಲ್ಲ, ಯಾರ ಮುಂದೆಯೂ ಸೆರಗೊಡ್ಡಲಿಲ್ಲ. ನಡುಮನೆಯಲ್ಲಿ ಮಣೆ ಹಾಕಿ, ಉಣ್ಣಲು ಬಂದವರಿಗೆ ರೊಟ್ಟಿ ಬಡಿಯತೊಡಗಿದಳು. ಅದೇ ಅವಳ ಸಂಸಾರ.

ಅವಳದೊಂದು ಪದ್ಧತಿ. ಉಣ್ಣುವವರು ಕೈಕಾಲು ತೊಳೆದು ಮಣೆಯ ಮೇಲೆ ಕೂತ ಮೇಲೆಯೇ ಹಿಟ್ಟಿಗೆ ಕೈ ಹಾಕುವುದು. ಹಂಚಿನಿಂದ ಎದ್ದ ರೊಟ್ಟಿ ನೇರ ತಾಟಿಗೆ. ಮುಂಚೆಯೇ ಬಡಿದು ಒಟ್ಟಿಡುವುದು ಅವಳಿಗೆ ಆಗದು. ಯಾಕೆ ಎಂದು ಒಮ್ಮೆ ಕೇಳಿದ್ದೆ. “ಆರಿದ ರೊಟ್ಟಿ ಊರಿಗೆ ಹೋಗಾವ್ರಿಗೆ ಕಟ್ಟೂದು, ತಂಗಿ. ಮನೀಗೆ ಬಂದಾವ್ರಿಗೆ ಹಾಕೂದಲ್ಲ” ಎಂದಿದ್ದಳು.

ಮೊದಲ ರೊಟ್ಟಿ ಅಯ್ನೋರಿಗೆ. ನಮ್ಮ ಓಣಿಯ ವೀರಭದ್ರ ದೇವರ ಪೂಜೆ ಮಾಡುವ ಮುದುಕರು ಅವರು. ಹಿಂದಿಲ್ಲ, ಮುಂದಿಲ್ಲ. ಅವರು ಉಂಡು ಎದ್ದ ಮೇಲೆಯೇ ಉಳಿದವರ ಪಂಕ್ತಿ. ಅವರಿಂದ ಗಂಗಕ್ಕ ಏನನ್ನೂ ತೆಗೆದುಕೊಳ್ಳುವುದಿಲ್ಲ. ಯಾರಾದರೂ ಕೇಳಿದರೆ, “ದೇವರ ಮನೀಗೆ ಬಿಲ್ ಕಳಸ್ಲೇನು?” ಎನ್ನುತ್ತಾಳೆ.

ಮುಂಬೈ ಸರಕಾರದ ಕಾಲದಲ್ಲಿ ಆ ಖಾನಾವಳಿಯನ್ನು ನೋಡಬೇಕಿತ್ತು. ಗುಮಾಸ್ತರು, ಸರ್ವೇಯರರು, ಟ್ರೇನಿಂಗಿಗೆ ಬಂದ ಮಾಸ್ತರರು, ಕಾಲೇಜಿನ ಹುಡುಗರು. ಒಂದು ಪಂಕ್ತಿ ಏಳುವುದರೊಳಗೆ ಇನ್ನೊಂದು ಪಂಕ್ತಿ ಕಟ್ಟೆಯ ಮೇಲೆ ಕಾಯುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೆ ಕೇಳುತ್ತಿತ್ತು. ನನ್ನ ಮಗಳು ಕೂಸಿದ್ದಾಗ ಆ ಸಪ್ಪಳಕ್ಕೇ ನಿದ್ದೆ ಹೋಗುತ್ತಿದ್ದಳು.

ಆಮೇಲೆ ಕರ್ನಾಟಕ ಒಂದಾಯಿತು. ಒಂದಾಗಲಿ ಎಂದು ನಾವೇ ಆರತಿ ಬೆಳಗಿದೆವು, ಸಕ್ಕರೆ ಹಂಚಿದೆವು. ಅದರಲ್ಲಿ ಈಗಲೂ ನನ್ನದು ಎರಡು ಮಾತಿಲ್ಲ. ಆದರೆ ರಾಜಧಾನಿ ಬೆಂಗಳೂರು ಎಂದಾದ ಮೇಲೆ ಆಫೀಸುಗಳು ಇಲ್ಲಿ ಯಾಕೆ ಇದ್ದಾವು? ಒಂದೊಂದೇ ಟ್ರಂಕು ಕಟ್ಟಿದವು. ಮೊದಲು ಫೈಲು ಹೋದವು. ಫೈಲಿನ ಹಿಂದೆ ಸಾಹೇಬರು, ಸಾಹೇಬರ ಹಿಂದೆ ಗುಮಾಸ್ತರು, ಗುಮಾಸ್ತರ ಹಿಂದೆ ಅವರ ಹೆಂಡಂದಿರು, ತೊಟ್ಟಿಲು, ಬೀಸುವ ಕಲ್ಲು. (ನಮ್ಮ ಮನೆಯವರ ಕೆಲಸ ಶಾಲೆಯಲ್ಲಿ. ಶಾಲೆಯನ್ನು ಯಾರೂ ಹೊತ್ತುಕೊಂಡು ಹೋಗಲಿಲ್ಲ. ಅದಕ್ಕೆ ದಿನಾ ಕೈ ಮುಗಿಯುತ್ತೇನೆ.)

ಈಗ ಗಂಗಕ್ಕನ ಮಣೆಯ ಮೇಲೆ ಕೂರುವವರು ಪೆನ್ಶನ್ನಿನ ಮುದುಕರು. ಹೆಡ್‌ಮಾಸ್ತರರಾಗಿ ನಿವೃತ್ತರಾದವರೊಬ್ಬರು, ಅವರಿಗೆ ಓಣಿಯಲ್ಲೆಲ್ಲ ಮಾಸ್ತರು ಎಂದೇ ಹೆಸರು. ಅವರ ವಾರಿಗೆಯವರು ಇನ್ನೊಂದಿಷ್ಟು ಜನ. ಮತ್ತೆ ಅಯ್ನೋರು. ಅಷ್ಟೇ. ಸಪ್ಪಳ ಕಡಿಮೆಯಾಗಿದೆ. ಜನ ಕಡಿಮೆಯಾದರು ಎಂದಷ್ಟೇ ಅಲ್ಲ. ಇದ್ದವರಿಗೆ ಹಲ್ಲಿಲ್ಲ. ರೊಟ್ಟಿ ಬೇಡ, ನುಚ್ಚು ಕುದಿಸು, ಮೇಲೆ ಮಜ್ಜಿಗೆ ಸುರಿ ಎನ್ನುತ್ತಾರೆ. ಮನುಷ್ಯರಿಗೆ ವಯಸ್ಸಾಗುವುದು ಗೊತ್ತಿತ್ತು. ಊರಿಗೂ ವಯಸ್ಸಾಗುತ್ತದೆ ಎಂದು ನಾನು ತಿಳಿದದ್ದು ಗಂಗಕ್ಕನ ಅಡುಗೆಮನೆಯಲ್ಲಿ.

ಇನ್ನು ಕಾರಖಾನೆಯ ವಿಷಯ. ಹೊಟ್ಟೆ ಉರಿಯುವುದು ಇಲ್ಲೇ.

ಗೋಕುಲ ರಸ್ತೆಯ ಆ ಕಾರಖಾನೆಯಲ್ಲಿ ನೀರೆತ್ತುವ ಪಂಪಿನ ಭಾಗಗಳನ್ನು ಎರಕ ಹೊಯ್ಯುತ್ತಾರೆ. ಅದು ಮೊದಲು ಬರಬೇಕಿದ್ದದ್ದು ಹುಬ್ಬಳ್ಳಿಗಲ್ಲ, ನಮ್ಮ ಓಣಿಯ ಹಿಂದಿನ ಬಯಲಿಗೆ. ಕೆಲವು ವರ್ಷಗಳ ಹಿಂದೆ ಮಾಲಕರು ಬಂದು ಜಾಗ ನೋಡಿ ಹೋಗಿದ್ದರು. ಗುಡಿಯ ಅಂಗಳದಲ್ಲಿ ಹಿರಿಯರ ಸಭೆ ಕೂಡಿತು. ಮಾಸ್ತರು ಎದ್ದು ನಿಂತರು. ಚೆಂದ ಮಾತಾಡುತ್ತಾರೆ, ಅದನ್ನು ಅಲ್ಲಗಳೆಯಲಾರೆ.

“ಇದು ಸಾಲಿ ಕಾಲೇಜಿನ ಊರು. ಇಲ್ಲಿ ಮುಂಜಾನಿ ಎದ್ರ ಹುಡುಗೂರು ಪಾಠಾ ಓದೂದು ಕೇಳಬೇಕು. ಸುತ್ತಿಗಿ ಸಪ್ಪಳ ಅಲ್ಲ. ಹೊಗಿ, ಧೂಳಾ, ಬೀಡಿ. ಹೆಣ್ಣಮಕ್ಕಳು ನೀರಿಗೆ ಹೋಗಬೇಕೋ ಬ್ಯಾಡೋ? ಹುಬ್ಬಳ್ಳಿಯವ್ರು ವ್ಯಾಪಾರಸ್ಥರು. ಅವರಿಗೆ ಕೊಡ್ರಿ, ಅವರು ತಡಕೋತಾರ.”

ಎಲ್ಲರೂ ತಲೆಯಾಡಿಸಿದರು. ಹೆಂಗಸರು ಕೂತ ಕಂಬದ ಮರೆಯಿಂದ ಗಂಗಕ್ಕನ ಧ್ವನಿ ಬಂತು.

“ಅಲ್ರಿ ಮಾಸ್ತರ, ಆ ಮಂದಿ ಉಣ್ಣಾಕ ಎಲ್ಲಿಗೆ ಬರತಿದ್ರು?”

ಸಭೆ ನಕ್ಕಿತು. ಖಾನಾವಳಿಯವಳಿಗೆ ಖಾನಾವಳಿಯದೇ ಚಿಂತೆ ಎಂದರು. ಕಾರಖಾನೆ ಹುಬ್ಬಳ್ಳಿಗೆ ಹೋಯಿತು.

ಖರೆ ಹೇಳಲೇ? ಮಾಸ್ತರ ಮಾತು ಪೂರ್ತಿ ಸುಳ್ಳೂ ಅಲ್ಲ. ಗೋಕುಲ ರಸ್ತೆಗೆ ದಿನಾ ಹೋಗಿ ಬರುವವರ ಅಂಗಿಗಳನ್ನು ನೋಡಿದ್ದೇನೆ. ಎಷ್ಟು ಸಬಕಾರ ಹಚ್ಚಿದರೂ ಕೊರಳಪಟ್ಟಿಯ ಕರಿ ಹೋಗುವುದಿಲ್ಲ. ಅಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಇಟ್ಟರೆ ಸಂಜೆಗೆ ಬೂದಿ ಬಣ್ಣವಂತೆ. ನಾನು ಇಲ್ಲಿ ಬಿಳಿ ಸಂಡಿಗೆ ಇಡುತ್ತೇನೆ, ಬಿಳಿಯಾಗಿಯೇ ತೆಗೆಯುತ್ತೇನೆ. ಆದರೆ ತೆಗೆದದ್ದನ್ನು ತಟ್ಟೆಯಲ್ಲಿ ಹಾಕಿ ಕೊಟ್ಟು ಬರೋಣವೆಂದರೆ ಮನೆಗಳಿಗೆ ಬೀಗ. ಎರಡರಲ್ಲಿ ಯಾವುದು ಛಲೋ, ನೀವೇ ಹೇಳಿ.

ಎರಡೂ ಊರು ಕೂಡಿಸಿ ಒಂದೇ ಕಾರ್ಪೊರೇಶನ್ ಮಾಡಿದಾಗ, ಇನ್ನು ಹುಬ್ಬಳ್ಳಿಯ ಬೆಳವಣಿಗೆ ಧಾರವಾಡಕ್ಕೂ ಹರಿದು ಬರುತ್ತದೆ ಎಂದಿದ್ದರು. ಹರಿಯುವುದನ್ನು ನೋಡುತ್ತಿದ್ದೇನೆ. ಇಲ್ಲಿಂದ ಅಲ್ಲಿಗೆ. ಮುಂಜಾನೆ ತುಂಬಿ ಹೋಗುವ ಬಸ್ಸು ಸಂಜೆ ಅಷ್ಟು ತುಂಬಿ ಬರುವುದಿಲ್ಲ. (ಹೀಗೆ ಬರೆದಾಗಲೆಲ್ಲ ನರಗುಂದದ ಓದುಗರೊಬ್ಬರು ‘ಅವ್ವಾರ, ಒಳ್ಳೆಯದನ್ನೂ ಬರೆಯಿರಿ’ ಎಂದು ಕಾರ್ಡು ಹಾಕುತ್ತಾರೆ. ಬರೆಯುತ್ತೇನೆ ಅಣ್ಣಾ, ಕಂಡ ದಿನ ಬರೆಯುತ್ತೇನೆ.)

ಗಂಗಕ್ಕನನ್ನು ಕರೆದವನು ಪಾಟೀಲ. ಆ ಕಾರಖಾನೆಯ ಸೂಪರ್‌ವೈಸರ್. ಓದುವಾಗ ಇದೇ ಮಣೆಯ ಮೇಲೆ ಉಂಡವನು. ಹೊಟ್ಟೆ ತುಂಬಿದ ಮೇಲೂ ಹಸಿವೆಯನ್ನು ನೆನಪಿಡುವ ಗಂಡಸರು ಕಡಿಮೆ. ಅವನು ನೆನಪಿಟ್ಟಿದ್ದ. ಕಾರಖಾನೆಯಲ್ಲಿ ಕ್ಯಾಂಟೀನ್ ತೆಗೆಯುವ ಮಾತು ಬಂದಾಗ ಮಾಲಕರ ಮುಂದೆ ಇವಳ ಹೆಸರು ಹೇಳಿದ. ಕ್ಯಾಂಟೀನಿನ ಹಿಂದೆಯೇ ಇರಲು ಖೋಲಿ, ಒಳಗೇ ನಳ, ಕೈಗೆ ನೆರವಾಗಲು ಹೆಂಗಸರು. ಇದಕ್ಕಿಂತ ಇನ್ನೇನು ಬೇಕು?

ಮೊರದಲ್ಲಿದ್ದ ಜೋಳವನ್ನು ಹಾಗೇ ಬಿಟ್ಟು ನಾನು ಗಂಗಕ್ಕನ ಮನೆಗೆ ಹೋದಾಗ ಪಾಟೀಲ ಅಲ್ಲೇ ಕೂತಿದ್ದ. ಒಂದು ತೊಡಕಿನ ಬಗ್ಗೆ ಮಾತು ನಡೆದಿತ್ತು.

“ಅಕ್ಕಾರ, ಗಂಟಿ ಹೊಡದ ಕೂಡಲೇ ಎಲ್ಲಾರೂ ಒಮ್ಮೆಲೆ ಬರತಾರ. ಅರ್ಧಾ ತಾಸಿನ್ಯಾಗ ಉಂಡು ಏಳಬೇಕು. ಒಬ್ಬೊಬ್ಬರಿಗೆ ಬಿಸಿ ರೊಟ್ಟಿ ಬಡಕೋಂತ ಕುಂತ್ರ ಕಡೀ ಮನಶ್ಯಾ ಮರುದಿನಾ ಉಣತಾನ.”

“ಹಂಗಾರ ಏನ ಮಾಡೂದಪಾ?”

“ಅನ್ನಾ ಸಾರು ಮಾಡ್ರೆಲಾ.”

“ಸುತ್ತಿಗಿ ಹಿಡಿಯಾವ್ರಿಗೆ ಬರೇ ಅನ್ನಾ ಹಾಕ್ಲ್ಯಾ? ಎರಡ ತಾಸಿಗೆ ಮತ್ತ ಹಸೀತಾವು, ಪಾಪ.” ಗಂಗಕ್ಕ ಹಂಚಿನತ್ತ ನೋಡಿದಳು. “ಕಟಕ ರೊಟ್ಟಿ ಮಾಡತೇನಿ. ನಸುಕಿನ್ಯಾಗ ಬಡದು, ಒಣಗಿಸಿ, ಒಟ್ಟಿ ಇಡೂದು.”

“ನೀ ಹಂಗ ಯಾರಿಗೂ ಹಾಕಿದಾಕಿ ಅಲ್ಲಲಾ, ಗಂಗಕ್ಕ?” ಎಂದೆ.

“ಹಾಕಿಲ್ಲ. ಏನ ಮಾಡೂದು, ತಂಗಿ? ಗಂಟಿ ನನ್ನ ಮಾತ ಕೇಳಂಗಿಲ್ಲ.”

ಇಡೀ ಆಯುಷ್ಯದ ಪದ್ಧತಿಯನ್ನು ಅವಳು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಳು. ನಮ್ಮ ಓಣಿಯ ಯಾವ ಹಿರಿಯರಿಗೂ ಅದು ಆಗಿರಲಿಲ್ಲ.

ಮರುದಿನ ಹಂಚಿನ ಸುತ್ತ ರೊಟ್ಟಿಗಳನ್ನು ನಿಲ್ಲಿಸಿ ಒಣಗಿಸಿದಳು. ಹಗುರ, ತೆಳು, ಬೆರಳು ತಾಗಿದರೆ ಟಣ್ ಎನ್ನುವ ಹಾಗೆ. ನಾನು ಶೇಂಗಾ ಚಟ್ನಿ ಕುಟ್ಟಿಕೊಟ್ಟೆ. ಧೋತರದ ತುಂಡಿನಲ್ಲಿ ಗಂಟು ಕಟ್ಟಿ ನಾವಿಬ್ಬರೂ ಬಸ್ಸು ಹತ್ತಿದೆವು. ಜಾಗ ನೋಡಿ ಬಂದಂತೆಯೂ ಆಯಿತು, ರುಚಿ ತೋರಿಸಿದಂತೆಯೂ ಆಯಿತು.

ಗೋಕುಲ ರಸ್ತೆ ನನಗೆ ಸೇರಲಿಲ್ಲ. ನೆರಳಿಲ್ಲ. ಮಾತಾಡಬೇಕೆಂದರೆ ಕೂಗಬೇಕು. ಒಂದು ಗುಡಿ ಕಾಣುವುದಿಲ್ಲ. ಆದರೆ ಜನ! ಓಡಾಡುವ ಜನ, ಬೈಯುವ ಜನ, ನಗುವ ಜನ, ಸೈಕಲ್ಲಿಗೆ ಗಾಳಿ ಹಾಕುವ ಜನ. ಎಲ್ಲರ ತಲೆಯೂ ಕರಿ ತಲೆ.

ಕ್ಯಾಂಟೀನಿನ ಅಡುಗೆಮನೆಯಲ್ಲಿ ಗಂಗಕ್ಕ ನಳ ತಿರುವಿದಳು. ನೀರು ಬಂತು. ನಿಲ್ಲಿಸಿದಳು. ಮತ್ತೆ ತಿರುವಿದಳು. ಬೊಗಸೆಯಲ್ಲಿ ಹಿಡಿದು ಮುಖಕ್ಕೆ ಹಾಕಿಕೊಂಡಳು.

“ಬಾವೀ ಹಗ್ಗಾ ಇನ್ನ ನಿಮಗ ಇರಲಿ” ಎಂದಳು.

ಮಧ್ಯಾಹ್ನದ ಗಂಟೆ ಹೊಡೆಯಿತು. ನಾವು ಬಾಗಿಲ ಹಿಂದೆ ನಿಂತು ನೋಡಿದೆವು. ಗಂಟು ಬಿಚ್ಚಿದ್ದೊಂದೇ ತಡ, ರೊಟ್ಟಿ ಖಾಲಿ. ಪಾಟೀಲ ಆಮೇಲೆ ಒಳಗೆ ಬಂದು ಹೇಳಿದ.

“ಒಬ್ಬಾಂವ ಮುರದಾ, ಹಿಂದ ಎಲ್ಲಾರೂ ಮುರದ್ರು. ಆ ಕಟಕಟಾದಾಗ ಮಶೀನಿನ ಸಪ್ಪಳ ಕೇಳಸಲಿಲ್ಲ ನೋಡ್ರಿ. ನಮ್ಮ ಎರಕದ ಮಿಸ್ತ್ರಿ ಕೇಳಾಕತ್ತಾನ, ಈ ಯವ್ವ ಯಾವಾಗ ಬರತಾಳ ಅಂತ.”

ಗಂಗಕ್ಕ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಅವಳ ಕೈಯ ರೊಟ್ಟಿಯನ್ನು ಹಲ್ಲಿದ್ದವರು ತಿಂದು ಎಷ್ಟು ಕಾಲವಾಗಿತ್ತೋ.

“ಸೋಮವಾರ ನಾನ ಬರತೇನಿ, ಅಕ್ಕಾರ. ಅವತ್ತ ಹೂಂ ಅನ್ರಿ. ಮಾಲಕರು ಭಾಳ ದಿನಾ ಕಾಯಾಂಗಿಲ್ಲ. ಹೋಟೆಲಿನಾಂವ ಒಬ್ಬಾಂವ ದಿನಾ ಬಂದು ಬಾಗಲಾ ಬಡ್ಯಾಕತ್ತಾನ” ಎಂದ ಪಾಟೀಲ.

ಬಸ್ಸಿನಲ್ಲಿ ಬರುವಾಗ ಗಂಗಕ್ಕ ದೊಡ್ಡ ಪಾತ್ರೆಗಳ ಬಗ್ಗೆಯೇ ಮಾತಾಡಿದಳು. ಯಾವುದಕ್ಕೆ ಕಲಾಯಿ ಹಾಕಿಸಬೇಕು, ಯಾವುದನ್ನು ಇಲ್ಲೇ ಬಿಡಬೇಕು. ಹೊಸದಾಗಿ ಮದುವೆ ಗೊತ್ತಾದ ಹುಡುಗಿಯ ಹಾಗೆ.

ಸುದ್ದಿ ಮುದುಕರಿಗೆ ಮುಟ್ಟಿತು. ಅಂದು ನಾನು ಮಜ್ಜಿಗೆ ಕೊಡಲು ಹೋಗಿದ್ದೆ. ಪಂಕ್ತಿಯಲ್ಲಿ ಎಲ್ಲರೂ ನುಚ್ಚನ್ನು ಕಲಸುತ್ತಲೇ ಇದ್ದರು, ಉಣ್ಣುತ್ತಿರಲಿಲ್ಲ. ಅಯ್ನೋರೂ ಅಂದು ಉಂಡು ಎದ್ದಿರಲಿಲ್ಲ, ನುಚ್ಚಿನ ತಾಟಿನ ಮುಂದೆ ಹಾಗೇ ಕೂತಿದ್ದರು. ಅವರ ಕೈ ಯಾವಾಗಲೂ ನಡುಗುತ್ತದೆ. ವಯಸ್ಸಿನ ನಡುಕ. ತುತ್ತು ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ತಾಟಿಗೆ ಬಿದ್ದಿರುತ್ತದೆ. ಗಂಗಕ್ಕ ನೋಡಿಯೂ ನೋಡದ ಹಾಗೆ ಇನ್ನೊಂದು ಸೌಟು ಹಾಕುತ್ತಾಳೆ.

ಕಡೆಗೆ ಮಾಸ್ತರು ಬಾಯಿ ಬಿಟ್ಟರು.

“ಹೋಗಬ್ಯಾಡ ಅಂತ ನಾವು ಹೆಂಗ ಅನ್ನೂಣು, ಗಂಗವ್ವ? ನಿನ್ನ ಹೊಟ್ಟಿಪಾಡು.”

“ಹಂಗಾರ ಹೋಗು ಅಂತರೆ ಅನ್ರಿ” ಎಂದಳು ಗಂಗಕ್ಕ.

ಮಾಸ್ತರು ಶಾಲು ಸರಿಮಾಡಿಕೊಂಡರು. “ಅದನ್ನೂ ನಾವ್ಯಾಕ ಅನ್ನೂಣು? ವೀರಭದ್ರನ್ನ ಕೇಳು. ಖಾನಾವಳಿ ಸುರು ಮಾಡೂ ಮುಂದ ಅವನ್ನ ಕೇಳೇ ಮಾಡೀದಿ.”

ಅದು ಹೌದು. ನಮ್ಮ ಓಣಿಯಲ್ಲಿ ಹೊಸ ಒಲೆ ಹಚ್ಚುವವರೂ ಹಳೆ ಒಲೆ ಕೆಡಿಸುವವರೂ ಆ ದೇವರ ಅಪ್ಪಣೆ ಇಲ್ಲದೆ ಮಾಡಿದ್ದಿಲ್ಲ. ಗಂಗಕ್ಕ ಒಪ್ಪಿದಳು.

ಆ ಸಂಜೆ ನಾನು ಶಾಂತವ್ವನಿಗೆ ಹೇಳಿದೆ. “ಗಂಗಕ್ಕ ಹೋಗಲಿ. ಮುದುಕರಿಗೆ ನಾವ ಸರತೀಲೆ ಉಣ್ಣಾಕ ಹಾಕೂಣು. ಸೋಮವಾರ ನಮ್ಮನಿ, ಮಂಗಳವಾರ ನಿಮ್ಮನಿ.”

“ಬುಧವಾರ?”

ಮನಸ್ಸಿನಲ್ಲೇ ಓಣಿಯ ಮನೆಗಳ ಮುಂದೆ ಹಾದು ಹೋದೆ. ಬೀಗ. ಬೀಗ. ‘ಬಾಡಿಗೆಗೆ ಇದೆ’ ಎಂಬ ಹಲಗೆ. ಬಾಣಂತಿ ಇರುವ ಮನೆ. ಮತ್ತೆ ಬೀಗ. ಬುಧವಾರಕ್ಕೆ ಮನೆ ಸಿಗಲಿಲ್ಲ.

ಸೋಮವಾರ ಮುಂಜಾನೆ ಗುಡಿಗೆ ಹೋದೆವು.

ಹೂ ಕೇಳುವ ಪದ್ಧತಿ ನಿಮ್ಮ ಕಡೆಯೂ ಇದ್ದೀತು. ಪೂಜೆಯಾದ ಮೇಲೆ ದೇವರ ಎರಡೂ ಭುಜಗಳ ಮೇಲೆ ಒಂದೊಂದು ಹೂ ಇಡುತ್ತಾರೆ. ಕೇಳುವವರು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡು ಕೂರುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಹೂಂ ಎಂದರ್ಥ. ಎಡಗಡೆಯದು ಬಿದ್ದರೆ ಬೇಡ. ನನ್ನ ಮದುವೆ, ಮಗಳ ಹೆಸರು, ನಮ್ಮ ಮನೆಯ ಬಾವಿ, ಎಲ್ಲವೂ ಆ ಹೂವಿನಿಂದಲೇ ಆದದ್ದು. ಒಂದೂ ಕೆಟ್ಟಿಲ್ಲ.

ಮುದುಕರೆಲ್ಲ ಸ್ನಾನ ಮಾಡಿ ಬಂದಿದ್ದರು. ನಾನು ಆರತಿಯ ತಟ್ಟೆ ಹಿಡಿದು ಗರ್ಭಗುಡಿಯ ಹೊಸ್ತಿಲಿಗೆ ತಾಗಿ ನಿಂತಿದ್ದೆ. ಅಯ್ನೋರು ಎರಡು ಸೇವಂತಿಗೆ ತೆಗೆದುಕೊಂಡು ನೀರಿನಲ್ಲಿ ಅದ್ದಿದರು. ಎಡ ಭುಜದ ಮೇಲೆ ಒಂದನ್ನು ಇಟ್ಟರು. ಇಟ್ಟರು, ಅಷ್ಟೇ. ಬಲ ಭುಜದ ಮೇಲೆ ಇನ್ನೊಂದನ್ನು ಇಟ್ಟು ಹೆಬ್ಬೆರಳಿನಿಂದ ಒತ್ತಿದರು. ಒಂದು ಕ್ಷಣ ಬಿಟ್ಟು ಮತ್ತೆ ಒತ್ತಿದರು. ಮೂರ್ತಿಯ ಮೈಗೆ ಹಚ್ಚಿದ ಎಣ್ಣೆ ಗಂಧದಲ್ಲಿ ಅದು ಕೂತುಬಿಟ್ಟಿತು.

ಅವರ ಕೈ ನಡುಗಲಿಲ್ಲ. ನನಗೆ ಹೆದರಿಕೆಯಾದದ್ದು ಅದನ್ನು ನೋಡಿ.

ಗಂಗಕ್ಕ ಸೆರಗು ಹಿಡಿದು ಕೇಳಿಕೊಂಡಳು. “ಅಪ್ಪಾ ವೀರಭದ್ರಾ, ಯಾರೂ ಇಲ್ಲದಾಗ ನೀ ಇದ್ದಿ. ಹೋಗು ಅನ್ನೂದಿದ್ರ ಬಲಕ್ಕ ಕೊಡು. ಇರು ಅನ್ನೂದಿದ್ರ ಎಡಕ್ಕ ಕೊಡು.”

ಗಂಟೆಯ ನಾದ ಆರುವ ಮೊದಲೇ ಎಡಗಡೆಯ ಹೂ ಕೆಳಗೆ ಬಿತ್ತು.

“ದೇವರು ಮಾತಾಡಿದಾ” ಎಂದರು ಮಾಸ್ತರು.

ಮುದುಕರ ಮುಖಗಳನ್ನು ನೋಡಿದೆ. ಪರೀಕ್ಷೆ ಪಾಸಾದ ಹುಡುಗರ ಹಾಗಿದ್ದರು. ಒಬ್ಬರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅದೇ ಇನ್ನೂ ಕೆಟ್ಟದ್ದು ಅನ್ನಿಸಿತು.

(ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಅಯ್ನೋರ ಕಣ್ಣು ಮಂಜು, ಪತ್ರಿಕೆ ಓದುವುದಿಲ್ಲ. ಮಾಸ್ತರು ಓದುತ್ತಾರೆ. ಓದಲಿ. ನನಗೆ ದೇವರ ಮೇಲೆ ಸಂಶಯವಿಲ್ಲ. ಆ ದಿನ ಅವನನ್ನು ಯಾರೂ ಕೇಳಲೇ ಇಲ್ಲ ಎಂಬುದಷ್ಟೇ ನನ್ನ ತಕರಾರು.)

ಮಧ್ಯಾಹ್ನ ಪಾಟೀಲ ಬಂದ. ಗಂಗಕ್ಕ ಮಣೆ ಹಾಕಿದಳು. ಅವನು ಕೂತ ಮೇಲೆ ಹಿಟ್ಟಿಗೆ ಕೈ ಹಾಕಿದಳು. ಆ ಸಪ್ಪಳ ಕೇಳಿಯೇ ಅವನಿಗೆ ಅರ್ಥವಾಗಿರಬೇಕು.

“ಯಾಕ್ರಿ ಅಕ್ಕಾರ?”

“ದೇವರು ಬ್ಯಾಡ ಅಂದಾನಪಾ.”

“ದೇವರು ಅಂದ ಮ್ಯಾಲ ನಾ ಏನ ಅನ್ಲಿ?” ಎಂದು ತಾಟು ನೋಡಿದ. “ನಾಳೆ ಮಾಲಕರು ಆ ಹೋಟೆಲಿನಾಂವಗ ಹೇಳ್ತಾರ. ಬ್ರೆಡ್ಡು, ಬಟಾಟಿ ಪಲ್ಲೇ. ನಮ್ಮ ಮಿಸ್ತ್ರಿ ನನ್ನ ಮಾರೀನ ನೋಡಂಗಿಲ್ಲ.”

ರೊಟ್ಟಿ ಉಬ್ಬಿ ತಾಟಿಗೆ ಬಿತ್ತು. ಪಾಟೀಲ ಬೇಗ ಬೇಗ ಉಂಡ. ಇನ್ನೊಂದು ಹಾಕಿಸಿಕೊಂಡ. ಗಂಗಕ್ಕನ ಕಾಲು ಮುಟ್ಟಿ ಬಸ್ಸಿಗೆ ನಡೆದ. ಇನ್ನು ಅವನು ಈ ಕಡೆ ಯಾಕೆ ಬಂದಾನು?

ಅವನು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

“ಗಂಗಕ್ಕ, ಒಂದ ಮಾತು. ಸಿಟ್ಟಿಗೇಳಬ್ಯಾಡ. ಅಯ್ನೋರು ಬಲಗಡೆ ಹೂವಾ ಒತ್ತಿದ್ರು. ನಾ ನೋಡೀನಿ.”

ಅವಳು ಹಂಚನ್ನು ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸಲಿಲ್ಲ.

“ನಾನೂ ನೋಡೀನಿ, ತಂಗಿ.”

“ನೋಡಿ ಸುಮ್ಮಕಿದ್ದ್ಯಾ?”

“ಆ ಕೈ ತಾಟಿನ ಮ್ಯಾಲ ಹೆಂಗ ನಡಗತೈತಿ ನನಗ ಗೊತ್ತಿಲ್ಲೇನು? ಇವತ್ತ ನಡಗಲಿಲ್ಲ. ಎಷ್ಟ ಹೆದರಿರಬೇಕು ವಿಚಾರ ಮಾಡು. ಹಸಿವಿ ಕೈ ಅದು.”

“ಮತ್ತೊಮ್ಮೆ ಕೇಳೂಣು. ನಾ ಇಡತೇನಿ ಹೂವಾ.”

ಗಂಗಕ್ಕ ನಕ್ಕಳು. ಗೋಕುಲ ರಸ್ತೆಯಲ್ಲಿ ನಕ್ಕ ನಗೆ ಅಲ್ಲ ಇದು. “ನೀ ಇಟ್ರ ಬಲಕ್ಕ ಬೀಳತೈತಿ. ನಿನಗ ನಾ ಉದ್ಧಾರ ಆಗಬೇಕು, ಅವರಿಗೆ ಉಣ್ಣಬೇಕು. ಇದರಾಗ ದೇವರು ಎಲ್ಲಿ ಬಂದ ಕುಂದರಬೇಕು, ಹೇಳು.”

“ನಿನಗರೆ ಹೋಗಬೇಕಂತ ಇತ್ತಿಲ್ಲೋ?”

ಅವಳು ಹಂಚನ್ನು ಗೋಡೆಗೆ ನಿಲ್ಲಿಸಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಇತ್ತು” ಎಂದಳು. “ಭಾಳ ಇತ್ತು.”

ಕಲಾಯಿ ಹಾಕಿಸಲೆಂದು ಹೊರಗೆ ತೆಗೆದಿಟ್ಟ ದೊಡ್ಡ ಪಾತ್ರೆಗಳನ್ನು ಇಬ್ಬರೂ ಹಿಡಿದು ಮತ್ತೆ ಅಟ್ಟಕ್ಕೆ ಹಾಕಿದೆವು. ಮುದುಕರಿಗೆ ನುಚ್ಚು ಕುದಿಸಲು ಸಣ್ಣ ಪಾತ್ರೆ ಸಾಕು. ಅದೂ ಈಗ ಅರ್ಧಕ್ಕೇ ತುಂಬುತ್ತದೆ.

ಈ ಊರನ್ನು ಬೆಂಗಳೂರು ಬರಿದು ಮಾಡಿತು, ಹುಬ್ಬಳ್ಳಿ ಬರಿದು ಮಾಡಿತು ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಬೈದಿದ್ದೇನೆ. ಇನ್ನು ಯಾವ ಬಾಯಿಂದ ಬೈಯಲಿ? ಕಾರಖಾನೆ ಬೇಡ ಎಂದದ್ದು ಸರಕಾರವಲ್ಲ. ಹೋಗಬಲ್ಲವಳೊಬ್ಬಳನ್ನು ಹಿಡಿದು ಕೂರಿಸಿದ್ದೂ ಸರಕಾರವಲ್ಲ. ಆ ಹೆಬ್ಬೆರಳಿಗೆ ಶಿಕ್ಷೆ ಕೊಡುವ ಧೈರ್ಯ ನನಗಿಲ್ಲ, ಅದರ ಜೊತೆ ಒಂದು ಹೊಟ್ಟೆಯೂ ಇದೆ. ಗಂಗಕ್ಕ ಹೋಗಿದ್ದರೆ ಈ ಮುದುಕರು ಕೆಡುತ್ತಿದ್ದರು. ಉಳಿದಳು, ಇನ್ನು ಅವಳು ಕೆಡುತ್ತಾಳೆ. ಮೂರನೆಯ ದಾರಿಯೊಂದು ನಮ್ಮ ಓಣಿಯ ಹಿಂದಿನ ಬಯಲಿನಲ್ಲಿತ್ತು. ಅಲ್ಲಿ ಈಗ ಆಡು ಮೇಯುತ್ತಿವೆ.

ದೇವರ ದಯೆ, ಇಂದಿನ ಮಟ್ಟಿಗೆ ಎಲ್ಲರೂ ಉಂಡಿದ್ದಾರೆ.

ಮನೆಗೆ ಬಂದೆ. ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿಯನ್ನು ಇಬ್ಬನಿ ಬೀಳುವ ಮೊದಲು ತೆಗೆಯಬೇಕಿತ್ತು. ಬುಟ್ಟಿಗೆ ತುಂಬಿಕೊಂಡು ಕೆಳಗೆ ತಂದು, ತೊಟ್ಟು ಮುರಿಯುತ್ತ ಕೂತೆ. ಈ ಮುದುಕರೆಲ್ಲ ಒಬ್ಬೊಬ್ಬರಾಗಿ ಉಂಡು ಎದ್ದು ಹೋದ ಮೇಲೆ ಗಂಗಕ್ಕನಿಗೆ ಬಡಿಸುವವರು ಯಾರು?